ಕಾಲುವೆ ಕೊನೆಯ ಹೊಲ, ಕೂಸಿನ ಎದೆ

ನರಗುಂದದ ಕಡೆಯವರನ್ನು ಮಾತಿಗೆ ಕೂಡಿಸಿ ನೋಡಿ, ಚಹಾ ಬರುವುದರೊಳಗೆ ಮಾತು ನೀರಿಗೆ ಬಂದಿರುತ್ತದೆ. ಟಿಎಂಸಿ, ಕ್ಯೂಸೆಕ್ ಎಂಬ ಶಬ್ದಗಳು ಇಲ್ಲಿ ಎಂಜಿನಿಯರುಗಳ ಸೊತ್ತಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ ಎಂದು ದಶಮಾಂಶ ಸಮೇತ ಹೇಳುವವರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ಸಿಗುತ್ತಾರೆ. ಈ ಲೆಕ್ಕದ ಗೀಳು ಸುಮ್ಮನೆ ಹತ್ತಿದ್ದಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ ಮೇಲೆ, ಕಾಗದದಲ್ಲಿ ಅಚ್ಚುಕಟ್ಟಿಗೆ ಸೇರಿದ ಎಷ್ಟೋ ಹೊಲಗಳಿಗೆ ನೀರು ಮುಟ್ಟಲೇ ಇಲ್ಲ. ಕರದ ನೋಟಿಸು ಮಾತ್ರ ತಪ್ಪದೆ ಮುಟ್ಟಿತು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಿನವರೆಗೆ ಹೋದ ಸಿಟ್ಟು ಹುಟ್ಟಿದ್ದು ಅಲ್ಲಿಂದ. ರೈತನ ಪ್ರಶ್ನೆ ಸರಳವಾಗಿತ್ತು. ಅಣೆಕಟ್ಟಿನಿಂದ ಎಷ್ಟು ಬಿಟ್ಟಿರಿ ಅನ್ನೋದು ನಿಮ್ಮ ಲೆಕ್ಕ, ನನ್ನ ಹೊಲಕ್ಕೆ ಎಷ್ಟು ಹರೀತು ಹೇಳ್ರಿ.

ಈಗಷ್ಟೇ ಹುಟ್ಟಿದ ಕೂಸಿನ ಹೃದಯದ ಮುಂದೆ ನಿಂತು ವೈದ್ಯರು ಬಹುಕಾಲ ಕೇಳಿದ್ದೂ ಇದೇ ಪ್ರಶ್ನೆ: ಎಷ್ಟು ಹರಿಯಿತು? ಅದಕ್ಕೆ ನಂಬಬಹುದಾದ ಉತ್ತರ ಕೊಡುವ ಯಂತ್ರವನ್ನು ನಾವು ಎಂಆರ್‌ಐ ಎನ್ನುತ್ತೇವೆ, ಸೊಂಟನೋವಿಗೂ ಮಂಡಿನೋವಿಗೂ ಹುಬ್ಬಳ್ಳಿಗೆ ಹೋಗಿ ಅದರೊಳಗೆ ಮಲಗಿ ಬರುತ್ತೇವೆ. ಅದೇ ಯಂತ್ರ ಮೂರು ಕಿಲೋ ತೂಗದ ಕೂಸಿನ ಎದೆಯವರೆಗೆ ನಡೆದು ಬಂದ ದಾರಿ ದೊಡ್ಡದು. ಆ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದು ಬೆಂಗಳೂರಿನಲ್ಲಿದೆ.

ಮೊದಲು ಆ ಎದೆಯ ಅಳತೆ ನೋಡೋಣ. ದಿನ ತುಂಬಿ ಹುಟ್ಟಿದ ಕೂಸಿನ ಹೃದಯ ಸುಮಾರು 20 ಗ್ರಾಂ, ಅದರದೇ ಮುಷ್ಟಿಯಷ್ಟು. ನಿಮಿಷಕ್ಕೆ 120ರಿಂದ 160 ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಹೆಚ್ಚೆಂದರೆ ಅರ್ಧ ಸೆಕೆಂಡು. ಪ್ರತಿ ಬಡಿತಕ್ಕೆ ಹೊರದಬ್ಬುವ ರಕ್ತ ಸುಮಾರು 4 ಮಿಲಿಲೀಟರು, ಚಹಾ ಚಮಚಕ್ಕಿಂತ ಕಡಿಮೆ. ಮೈಯಲ್ಲಿರುವ ರಕ್ತವೆಲ್ಲ ಸೇರಿದರೆ ಕಾಲು ಲೀಟರು. ದಿನ ತುಂಬದೆ ಹುಟ್ಟಿದ, ಒಂದು ಕಿಲೋ ತೂಗುವ ಕೂಸಿನಲ್ಲಿ ಅದೂ ಇಲ್ಲ, ನೂರು ಮಿಲಿಲೀಟರಿನ ಒಳಗೆ. ಇಷ್ಟು ಸಣ್ಣ ಕಾಲುವೆಗೆ ಯಾವ ಮಾಪಕ ಹಾಕುತ್ತೀರಿ?

ಕಿವಿಗೊಟ್ಟು ಕೇಳುವುದರಿಂದ ಈ ಕಥೆ ಶುರುವಾಗುತ್ತದೆ. ಫ್ರಾನ್ಸಿನ ಲೆನೆಕ್ 1816ರಲ್ಲಿ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗೆ ಹಿಡಿದದ್ದು ಸ್ಟೆತಾಸ್ಕೋಪ್ ಆಯಿತು. 1944ರ ನವೆಂಬರ್ 29ರಂದು ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ನೀಲಿಗಟ್ಟಿದ ಮಗುವೊಂದಕ್ಕೆ ಬ್ಲೇಲಾಕ್ ಎಂಬ ಶಸ್ತ್ರವೈದ್ಯರು ಹೃದಯದ ಶಸ್ತ್ರಚಿಕಿತ್ಸೆ ಮಾಡಿದರು. ಮಾಡಬೇಕೆಂಬ ಯೋಚನೆ ಹೆಲೆನ್ ಟಾಸಿಗ್ ಅವರದು, ನಾಯಿಗಳ ಮೇಲೆ ಮಾಡಿ ಮಾಡಿ ಕೈ ಪಳಗಿಸಿಕೊಂಡು ಬ್ಲೇಲಾಕರ ಬೆನ್ನ ಹಿಂದೆ ನಿಂತು ದಾರಿ ತೋರಿಸಿದವರು ವಿವಿಯನ್ ಥಾಮಸ್. ಟಾಸಿಗ್ ಅವರಿಗೆ ಕಿವಿ ಕೇಳಿಸುವುದು ಕಡಿಮೆ, ಅದಕ್ಕೇ ಅವರು ಮಕ್ಕಳ ಎದೆಬಡಿತವನ್ನು ಬೆರಳ ತುದಿಯಿಂದ ಓದಲು ಕಲಿತಿದ್ದರು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬ ಇಬ್ಬರು ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕಲು ಇಟ್ಟಿದ್ದ ಧ್ವನಿಯಂತ್ರವನ್ನು ಎರವಲು ತಂದು ಹೃದಯದ ಮೇಲಿಟ್ಟರು. ಇವತ್ತು ನಾವು ‘ಎಕೋ’ ಎನ್ನುವುದು ಅದರ ಸಂತಾನ.

ಎಕೋ ಬಂದ ಮೇಲೆ ಕೂಸಿನ ಹೃದಯದ ಗೋಡೆ, ಕವಾಟ, ತೂತು ಎಲ್ಲ ಕಂಡವು. ಇವತ್ತಿಗೂ ಮೊದಲ ಪರೀಕ್ಷೆ ಅದೇ, ಅದನ್ನು ಕೆಳಗಿಳಿಸುವ ಮಾತೇ ಇಲ್ಲ. ಆದರೆ ಹರಿವಿನ ಲೆಕ್ಕಕ್ಕೆ ಬಂದಾಗ ಎಕೋ ಸ್ವಲ್ಪ ಜಾರುತ್ತದೆ. ಹರಿವು ಅಂದರೆ ಅಡ್ಡಕೊಯ್ತದ ವಿಸ್ತೀರ್ಣ ಗುಣಿಸು ವೇಗ. ನರಗುಂದದ ಕಾಲುವೆಗೂ ಅದೇ ಸೂತ್ರ. ಕೂಸಿನ ಮಹಾಪಧಮನಿಯ ವ್ಯಾಸ ಸುಮಾರು ಎಂಟು ಮಿಲಿಮೀಟರು. ಅದನ್ನು ಅಳೆಯುವಾಗ ಒಂದು ಮಿಲಿಮೀಟರು ತಪ್ಪಿದರೂ ವ್ಯಾಸ ತನ್ನಿಂದ ತಾನೇ ಗುಣಿಸಿಕೊಂಡು ತಪ್ಪು ಇಮ್ಮಡಿಯಾಗುತ್ತದೆ. ಸೋಮವಾರ ಒಬ್ಬರು ಅಳೆದದ್ದು, ಮಂಗಳವಾರ ಇನ್ನೊಬ್ಬರು ಅಳೆದದ್ದು ತಾಳೆಯಾಗುವುದಿಲ್ಲ.

ಈಗ ಬೆಂಗಳೂರಿಗೆ ಬರೋಣ.

1946ರಲ್ಲಿ ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ, ಮುಂದೆ ಎಂಆರ್‌ಐಗೆ ಬುನಾದಿಯಾದ ಒಂದು ಸಂಗತಿ ಕಂಡುಕೊಂಡಿದ್ದರು. ಬಲವಾದ ಅಯಸ್ಕಾಂತದೊಳಗೆ ನೀರನ್ನೋ ಮೇಣವನ್ನೋ ಇಟ್ಟು ಸರಿಯಾದ ರೇಡಿಯೋ ಅಲೆ ಬಿಟ್ಟರೆ ಹೈಡ್ರೋಜನ್ನಿನ ನ್ಯೂಕ್ಲಿಯಸ್ಸುಗಳು ಅದನ್ನು ಹೀರಿಕೊಂಡು ಉತ್ತರ ಕೊಡುತ್ತವೆ. ಇಬ್ಬರಿಗೂ 1952ರಲ್ಲಿ ನೊಬೆಲ್ ಬಂತು. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ಭೌತವಿಜ್ಞಾನಿ ಇದೇ ಪ್ರಯೋಗವನ್ನು ಕೈಗೆತ್ತಿಕೊಂಡರು. ಆದರೆ ಅವರು ಕೇಳಿದ ಪ್ರಶ್ನೆ ಬೇರೆ: ನಿಂತ ನೀರಿನ ಬದಲು ಹರಿಯುವ ನೀರನ್ನು ಇಟ್ಟರೆ ಏನಾಗುತ್ತದೆ?

ಉತ್ತರ ತಿಳಿಯಲು ಭೌತಶಾಸ್ತ್ರ ಓದಿರಬೇಕಿಲ್ಲ. ನಿಂತ ನೀರಿನ ಮೇಲೆ ಒಂದೇ ಸಮ ರೇಡಿಯೋ ಅಲೆ ಬಡಿದರೆ ಅದರ ನ್ಯೂಕ್ಲಿಯಸ್ಸುಗಳು ದಣಿದುಬಿಡುತ್ತವೆ, ಉತ್ತರ ಕ್ಷೀಣವಾಗುತ್ತದೆ. ನೀರು ಹರಿಯುತ್ತಿದ್ದರೆ ದಣಿದವು ಮುಂದೆ ಸಾಗಿ, ಅಲೆಯೇಟು ತಿನ್ನದ ಹೊಸವು ಅವುಗಳ ಜಾಗಕ್ಕೆ ಬರುತ್ತವೆ. ಉತ್ತರ ಮತ್ತೆ ಜೋರಾಗುತ್ತದೆ. ಅಂದರೆ ನೀರನ್ನು ಮುಟ್ಟದೆ, ಕೊಳವೆಗೆ ತೂತು ಕೊರೆಯದೆ, ಹೊರಗೆ ನಿಂತು ಹರಿವನ್ನು ತಿಳಿಯಬಹುದು. ಸೂರ್ಯನ್ ಅವರ ಲೇಖನ 1951ರಲ್ಲಿ, ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ನ 33ನೆಯ ಸಂಪುಟದಲ್ಲಿ ಅಚ್ಚಾಯಿತು. ಶೀರ್ಷಿಕೆಯ ಅರ್ಥ ‘ಹರಿಯುವ ದ್ರವಗಳಲ್ಲಿ ನ್ಯೂಕ್ಲಿಯರ್ ಅನುರಣನ’. ರಕ್ತದ ಹರಿವನ್ನು ಎಂಆರ್‌ಐಯಿಂದ ಅಳೆಯುವ ವಿದ್ಯೆಯ ಚರಿತ್ರೆ ಬರೆದವರು ಲಂಡನ್ನಿನಲ್ಲಿರಲಿ, ಕ್ಯಾಲಿಫೋರ್ನಿಯಾದಲ್ಲಿರಲಿ, ಮೊದಲ ಪುಟದಲ್ಲಿ ಈ ಲೇಖನವನ್ನು ನೆನೆಯುತ್ತಾರೆ. ನಮ್ಮ ಶಾಲೆಯ ಪಠ್ಯಗಳಲ್ಲಿ ರಾಮನ್ ಇದ್ದಾರೆ, ಇರಬೇಕಾದ್ದೇ. ಸೂರ್ಯನ್ ಅವರಿಗೂ ಒಂದು ಸಾಲು ಕೊಟ್ಟಿದ್ದರೆ ಪುಟವೇನೂ ಹರಿಯುತ್ತಿರಲಿಲ್ಲ.

ಬೆಂಗಳೂರಿನ ನೀರು ರಕ್ತವಾಗಲು ಎಂಟು ವರ್ಷ ಹಿಡಿಯಿತು. 1959ರಲ್ಲಿ ಬರ್ಕ್ಲಿಯ ಸಿಂಗರ್ ಎಂಬಾತ ಇಲಿಯ ಬಾಲವನ್ನು ಅಯಸ್ಕಾಂತದಲ್ಲಿಟ್ಟು ಅದರಲ್ಲಿ ಹರಿಯುವ ರಕ್ತವನ್ನು ಅಳೆದ. ಮರುವರ್ಷ ಅರ್ವಿನ್ ಹಾನ್ ಸಮುದ್ರದ ನೀರಿನ ಚಲನೆಯನ್ನು ಅಳೆಯಲು ಇನ್ನೊಂದು ಉಪಾಯ ಹೇಳಿದರು. ಇಂದಿನ ಯಂತ್ರಗಳು ನಡೆಯುವುದು ಹೆಚ್ಚಾಗಿ ಆ ಎರಡನೆಯ ಉಪಾಯದ ಮೇಲೆ, ಅದನ್ನು ಹೀಗೆ ತಿಳಿಯಬಹುದು. ಜಾತ್ರೆಯ ಗದ್ದಲದಲ್ಲಿ ಒಬ್ಬನನ್ನು ಒಮ್ಮೆ ಬಲಕ್ಕೆ ತಿರುಗಿಸಿ, ಮರುಕ್ಷಣ ಅಷ್ಟೇ ಎಡಕ್ಕೆ ತಿರುಗಿಸುತ್ತೀರಿ. ನಿಂತಲ್ಲೇ ನಿಂತವನು ಮೊದಲು ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡುತ್ತಾನೆ. ಆದರೆ ತಿರುಗಿಸುವ ಬಲ ಜಾಗದಿಂದ ಜಾಗಕ್ಕೆ ಬೇರೆಯಾಗಿದ್ದರೆ, ನಡುವೆ ನಾಲ್ಕು ಹೆಜ್ಜೆ ಮುಂದೆ ಹೋದವನ ಮುಖ ಸೊಟ್ಟಗಾಗಿರುತ್ತದೆ. ಎಷ್ಟು ಸೊಟ್ಟ ಎಂಬುದೇ ಅವನ ವೇಗದ ಲೆಕ್ಕ. ಅಯಸ್ಕಾಂತದಲ್ಲಿ ಸ್ನಾಯು ನಿಂತವನು, ರಕ್ತ ನಡೆದವನು.

ಚಿತ್ರ ತೆಗೆಯುವ ಕಥೆ ಇದರ ಪಕ್ಕದ ಹಳಿಯ ಮೇಲೆ ಓಡಿತು. 1973ರಲ್ಲಿ ಪಾಲ್ ಲಾಟರ್‌ಬರ್ ಎರಡು ಸಣ್ಣ ಕೊಳವೆಗಳ ನೀರಿನ ಚಿತ್ರವನ್ನು ‘ನೇಚರ್’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಪತ್ರಿಕೆ ಮೊದಲು ಬೇಡವೆಂದಿತ್ತು. ನಾಟಿಂಗ್‌ಹ್ಯಾಮಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಚುರುಕು ಮಾಡುವ ಗಣಿತ ಕೊಟ್ಟರು. 2003ರ ನೊಬೆಲ್ ಈ ಇಬ್ಬರಿಗೆ ಬಂತು. ತನ್ನನ್ನು ಬಿಟ್ಟರೆಂದು ಸಿಟ್ಟಾದ ರೇಮಂಡ್ ಡಮಾಡಿಯನ್ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು ಜಗಳ ತೆಗೆದರು. ಅವರದೂ ಪೂರಾ ಸುಳ್ಳು ಸಿಟ್ಟಲ್ಲ. 1977ರ ಜುಲೈ 3ರಂದು ಮನುಷ್ಯನ ಎದೆಯ ಮೊದಲ ಚಿತ್ರ ತೆಗೆದದ್ದು ಅವರ ಯಂತ್ರವೇ. ಆ ಒಂದು ಚಿತ್ರಕ್ಕೆ ಹಿಡಿದ ಹೊತ್ತು 4 ಗಂಟೆ 45 ನಿಮಿಷ. ಅಷ್ಟು ಹೊತ್ತಿನಲ್ಲಿ ಹುಟ್ಟಿದ ಕೂಸಿನ ಹೃದಯ 40 ಸಾವಿರ ಸಲ ಬಡಿದಿರುತ್ತದೆ. ಒಂದೊಂದು ಬಡಿತವನ್ನೂ ಇಪ್ಪತ್ತು ತುಂಡು ಮಾಡಿ ನೋಡುವ ಇಂದಿನ ವೇಗಕ್ಕೂ ಅದಕ್ಕೂ ಎಂಥ ಅಂತರ! 1980ರ ದಶಕದ ಮೊದಲ ಅರ್ಧದಲ್ಲಿ ಈ ಎರಡು ಹಳಿಗಳೂ ಕೂಡಿದವು, ಚಿತ್ರದೊಳಗೇ ಹರಿವಿನ ಅಂಕಿ ಬಂತು. ಅದು ದೊಡ್ಡವರ ಹೃದಯಕ್ಕೆ.

ಕೂಸಿನ ಸರದಿ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ದೊಡ್ಡವರಿಗೆ ‘ಉಸಿರು ಹಿಡೀರಿ’ ಎಂದರೆ ಹಿಡಿಯುತ್ತಾರೆ, ಕೂಸಿಗೆ ಯಾರು ಹೇಳಬೇಕು? ದೊಡ್ಡವರ ಅಳತೆಗೆ ಮಾಡಿದ, ಸಂಕೇತ ಹಿಡಿಯುವ ಕಾಯಿಲ್‌ನಲ್ಲಿ ಕೂಸನ್ನಿಟ್ಟರೆ ಕಣಜದಲ್ಲಿ ಒಂದು ಹಿಡಿ ಜೋಳ ಇಟ್ಟಂತೆ, ಸಂಕೇತ ಸಾಲದು. ವೆಂಟಿಲೇಟರು, ಸಿರಿಂಜ್ ಪಂಪು, ಇನ್‌ಕ್ಯುಬೇಟರು ಎಲ್ಲದರಲ್ಲೂ ಕಬ್ಬಿಣ, ಅಯಸ್ಕಾಂತದ ಹತ್ತಿರ ತರುವಂತಿರಲಿಲ್ಲ. ಅರಿವಳಿಕೆ ಕೊಟ್ಟು ಮಲಗಿಸೋಣವೆಂದರೆ ಅರಿವಳಿಕೆಯೇ ಹೃದಯದ ಬಡಿತವನ್ನು ಬದಲಿಸಿಬಿಡುತ್ತದೆ, ಅಳೆಯಬೇಕಾದ್ದನ್ನೇ ಕೆಡಿಸಿ ಅಳೆದಂತೆ.

ದಾರಿ ತೆರೆದದ್ದು ಲಂಡನ್ನಿನಲ್ಲಿ. ಇಂಪೀರಿಯಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲೇ 3 ಟೆಸ್ಲಾದ ಅಯಸ್ಕಾಂತ ಕೂಡಿಸಿದ್ದರು. ಭೂಮಿಯ ಕಾಂತಬಲಕ್ಕಿಂತ ಅರವತ್ತು ಸಾವಿರ ಪಟ್ಟಿಗೂ ಮಿಕ್ಕ ಬಲ ಅದು. ಮೊದಲು ಅದು ಇದ್ದದ್ದು ದಿನ ತುಂಬದ ಮಕ್ಕಳ ಮಿದುಳು ನೋಡಲು. ಅಲನ್ ಗ್ರೋವ್ಸ್, ಜೋ ಹೈನಲ್, ಡೇವಿಡ್ ಎಡ್ವರ್ಡ್ಸ್ ಮೊದಲಾದವರು ಅದನ್ನು ಹೃದಯದ ಕಡೆ ತಿರುಗಿಸಿದರು. ದಿನ ತುಂಬಿದವು, ತುಂಬದವು, ಒಂದು ಕಿಲೋಗಿಂತ ಕಡಿಮೆ ತೂಗುವವು, ಎಲ್ಲ ಥರದ ಮಕ್ಕಳ ಹೃದಯವನ್ನೂ ಅಳೆದು 2011ರಲ್ಲಿ ಪ್ರಕಟಿಸಿದರು. ಯಾವ ಕೂಸಿಗೂ ಅರಿವಳಿಕೆ ಕೊಟ್ಟಿರಲಿಲ್ಲ.

ಹಾಗಾದರೆ ಮಲಗಿಸಿದ್ದು ಹೇಗೆ? ಗಜೇಂದ್ರಗಡದ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಹೊಟ್ಟೆ ತುಂಬ ಹಾಲು ಕುಡಿಸು, ಬೆಚ್ಚಗೆ ಬಟ್ಟೆ ಸುತ್ತು, ಸುಮ್ಮನಿರು. ಟೊರಾಂಟೊದ ವೈದ್ಯರು ಇದಕ್ಕೊಂದು ಹೆಸರಿಟ್ಟು, ಕ್ರಮ ಬರೆದು, 2012ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಅಜ್ಜಿ ಪ್ರಕಟಿಸಲಿಲ್ಲ, ಅಷ್ಟೇ.

ಹತ್ತಿರದಿಂದ ನೋಡಿದರೆ ಆ ಕೋಣೆ ಹೀಗಿರುತ್ತದೆ. ಕೂಸನ್ನು ಪರೀಕ್ಷೆಯ ಹೊತ್ತಿಗೆ ಹಸಿಯುವಂತೆ ನೋಡಿಕೊಂಡು, ಅಲ್ಲೇ ಹಾಲು ಕುಡಿಸುತ್ತಾರೆ. ಎದೆಗೆ ಇಸಿಜಿಯ ಸಣ್ಣ ಬಿಲ್ಲೆಗಳು, ಪಾದಕ್ಕೆ ಆಮ್ಲಜನಕ ತೋರಿಸುವ ಪಟ್ಟಿ, ಕಿವಿಗೆ ಮೆತ್ತೆ. ನಮ್ಮ ಕಡೆಯ ಕೂಸಾದರೆ ಉಡದಾರ, ಕಾಲಗಡಗ, ದೃಷ್ಟಿಮಣಿಯ ಸರ ಎಲ್ಲ ಬಿಚ್ಚಬೇಕು. ಕುಂಚಿಗೆಗೆ ಸಿಕ್ಕಿಸಿದ ಪಿನ್ನನ್ನಂತೂ ಎರಡು ಸಲ ಹುಡುಕಬೇಕು, ಅಯಸ್ಕಾಂತ ಅದನ್ನು ಗುಂಡಿನಂತೆ ಎಳೆದುಕೊಳ್ಳುತ್ತದೆ. ಆಮೇಲೆ ಕೂಸನ್ನು ಸಣ್ಣ ಮಣಿ ತುಂಬಿದ ಚೀಲದಲ್ಲಿ ಮಲಗಿಸಿ ಚೀಲದ ಗಾಳಿ ಎಳೆಯುತ್ತಾರೆ. ಚೀಲ ಕೂಸಿನ ಮೈಯ ಆಕಾರಕ್ಕೆ ಬಿಗಿದು ನಿಲ್ಲುತ್ತದೆ, ತೊಟ್ಟಿಲಿನಂತೆ. ಯಂತ್ರ ಕಟಕಟ ಎಂದು ಬಡಿಯತೊಡಗುತ್ತದೆ. ಮಗ್ಗದ ಮನೆಯಲ್ಲಿ ಹುಟ್ಟಿದ ಕೂಸು ಮಗ್ಗದ ಸದ್ದಿಗೇ ಮಲಗುತ್ತದೆ ಎಂಬುದನ್ನು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಡೆದವರೆಲ್ಲ ಬಲ್ಲರು, ಅಲ್ಲೂ ಹಾಗೆಯೇ. ಹಾಲು ಕುಡಿದ ಕೂಸು ಒಮ್ಮೆ ತುಟಿ ಚಪ್ಪರಿಸಿ ನಿದ್ದೆಗೆ ಜಾರುತ್ತದೆ. ಪಕ್ಕದಲ್ಲಿ ವೈದ್ಯರೊಬ್ಬರು ಕಣ್ಣಿಟ್ಟು ನಿಂತಿರುತ್ತಾರೆ.

ಇಷ್ಟೆಲ್ಲ ಪಾಡು ಪಟ್ಟು ಸಿಕ್ಕಿದ್ದೇನು? ಇಲ್ಲಿ ಮತ್ತೆ ನರಗುಂದದ ರೈತನೇ ಬೇಕು.

ತಾಯ ಹೊಟ್ಟೆಯಲ್ಲಿ ಕೂಸಿಗೆ ಉಸಿರಾಟವಿಲ್ಲ. ಅದಕ್ಕೇ ಪುಪ್ಪಸದ ಕಡೆ ಹೋಗುವ ರಕ್ತವನ್ನು ಮಹಾಪಧಮನಿಗೆ ತಿರುಗಿಸುವ ಒಂದು ಅಡ್ಡಗಾಲುವೆ ಇರುತ್ತದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತದೆ. ದಿನ ತುಂಬದ ಕೂಸಿನಲ್ಲಿ ಎಷ್ಟೋ ಸಲ ಮುಚ್ಚುವುದಿಲ್ಲ. ಆಗ ಹರಿವು ತಿರುಗುಮುರುಗಾಗಿ, ಮೈಗೆ ಹೋಗಬೇಕಾದ ರಕ್ತ ಅಡ್ಡಗಾಲುವೆಯಲ್ಲಿ ಸೋರಿ ಮತ್ತೆ ಪುಪ್ಪಸಕ್ಕೆ ಹೋಗುತ್ತದೆ. ಹೃದಯ ಮೈಮುರಿದು ದುಡಿಯುತ್ತದೆ. ಹೃದಯದ ಬಾಯಲ್ಲಿ ಅಳೆದರೆ ಹರಿವು ಭರ್ಜರಿ. ಮಿದುಳಿಗೂ ಕರುಳಿಗೂ ಮೂತ್ರಪಿಂಡಕ್ಕೂ ತಲುಪುವುದು ಮಾತ್ರ ಕಡಿಮೆ. ನಡುವೆ ಒಡ್ಡು ಒಡೆದ ಕಾಲುವೆಯಂತೆ: ಅಣೆಕಟ್ಟಿನ ಬಳಿಯ ಮಾಪಕ ಹೆಚ್ಚು ನೀರು ತೋರಿಸುತ್ತಿರುತ್ತದೆ, ಕೊನೆಯ ಹೊಲದಲ್ಲಿ ಬೆಳೆ ಒಣಗುತ್ತಿರುತ್ತದೆ. ರಕ್ತದೊತ್ತಡ ನೋಡಿದರೂ ಸಾಲದು. ಗೇಟು ಬಿಗಿದಿದ್ದರೆ ನೀರು ಎತ್ತರಕ್ಕೆ ನಿಲ್ಲುತ್ತದೆ, ಹರಿಯುತ್ತದೆ ಎಂದೇನೂ ಅಲ್ಲ. ಒತ್ತಡ ಬೇರೆ, ಹರಿವು ಬೇರೆ ಎಂಬುದು ಈ ಮಕ್ಕಳ ವಿಷಯದಲ್ಲಿ ಮತ್ತೆ ಮತ್ತೆ ಕಂಡ ಸತ್ಯ.

ಸಿಡ್ನಿಯ ವೈದ್ಯರಾದ ಕ್ಲಕೋ ಮತ್ತು ಇವಾನ್ಸ್ 2000ದಲ್ಲಿ ಒಂದು ಜಾಣ ದಾರಿ ಹಿಡಿದಿದ್ದರು. ಹೃದಯದಿಂದ ಹೊರಟದ್ದನ್ನು ಬಿಟ್ಟು, ತಲೆ ಮತ್ತು ತೋಳುಗಳಿಂದ ಮರಳಿ ಬರುವ ರಕ್ತವನ್ನು ಎಕೋದಲ್ಲಿ ಅಳೆದರು. ಸೋರಿಕೆ ಆ ಲೆಕ್ಕವನ್ನು ಕೆಡಿಸುವುದಿಲ್ಲ. ಎಂಆರ್‌ಐ ಬಂದ ಮೇಲೆ ಅದೇ ಅಳತೆಯನ್ನು ಇನ್ನೂ ಬಿಗಿಯಾಗಿ ಮಾಡಲಾಯಿತು. ಮೇಲಿನಿಂದ ಮರಳುವುದೆಷ್ಟು, ಕೆಳಗಿನ ಅರ್ಧಮೈಗೆ ಇಳಿಯುವುದೆಷ್ಟು, ಹೃದಯ ಕೊಟ್ಟದ್ದೆಷ್ಟು, ನಡುವೆ ಸೋರಿದ್ದೆಷ್ಟು. ನಾಲ್ಕು ಕಡೆ ಮಾಪಕ ಹಾಕಿದ ಕಾಲುವೆ. ಕೊನೆಯ ಹೊಲದ ಲೆಕ್ಕ ಕಡೆಗೂ ಪುಸ್ತಕಕ್ಕೆ ಏರಿತು.

ಇನ್ನು ನಮ್ಮ ಮೂರು ತಾಲ್ಲೂಕುಗಳ ಮಾತು. ಹುಟ್ಟಿದ ಕೂಸಿನ ಹೃದಯಕ್ಕೆ ಎಂಆರ್‌ಐ ಮಾಡುವ ಜಾಗ ರೋಣ, ನರಗುಂದ, ಗಜೇಂದ್ರಗಡದಲ್ಲಿ ಇಲ್ಲ. ದೊಡ್ಡ ಊರುಗಳಲ್ಲೂ ಅದು ದಿನನಿತ್ಯದ ಪರೀಕ್ಷೆಯಲ್ಲ. ಎಕೋದಲ್ಲಿ ತೀರ್ಮಾನವಾಗದ ತೊಡಕಿನ ಹೃದಯಗಳಿಗೆ ಮಾತ್ರ ಅದು ಬೇಕು. ಇಲ್ಲಿಯ ಚರಿತ್ರೆ ಯಂತ್ರದ್ದಲ್ಲ, ರಸ್ತೆಯದು. ಮೊದಲು ಸೂಲಗಿತ್ತಿ, ಆಮೇಲೆ ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದ ಮೇಲೆ ‘ಹುಬ್ಬಳ್ಳಿಗೆ ಒಯ್ರಿ’ ಎಂಬುದು ವೈದ್ಯರ ಕೊನೆಯ ಮಾತಾಯಿತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಗದಗಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ಗಜೇಂದ್ರಗಡ ತಾಲ್ಲೂಕಾದದ್ದು ಅದಕ್ಕೂ ಆಮೇಲೆ.

ದುಡ್ಡಿನ ದಾರಿಯೂ ಬೇರೆ ತೆರೆಯಬೇಕಿತ್ತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರ ಸಂಘದ ಸಂತತಿ ನಾಡೆಲ್ಲ ಹಬ್ಬಿತ್ತು. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂದದ್ದು ಆ ಸಂಘಗಳ ಸದಸ್ಯರ ಮೂಲಕವೇ, ಹೃದಯದ ಶಸ್ತ್ರಚಿಕಿತ್ಸೆಯೂ ಅದರಲ್ಲಿತ್ತು. ಅದರ ಹಿಂದಿದ್ದ ಡಾ. ದೇವಿ ಶೆಟ್ಟಿ ಎರಡು ವರ್ಷ ಮೊದಲು ಬೆಂಗಳೂರಿನ ಹೊರಗೆ ನಾರಾಯಣ ಹೃದಯಾಲಯ ಕಟ್ಟಿದ್ದರು. 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಓಡತೊಡಗಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟು ಹೃದಯದೋಷವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ಐಬು ಇರುತ್ತದೆ ಎಂಬುದು ಲೋಕದ ಲೆಕ್ಕ. ಈ ಮೂರು ತಾಲ್ಲೂಕುಗಳಿಗೆ ಬೇರೆ ಲೆಕ್ಕ ಇರಲಾರದು.

ಹಾಗೆಂದು ರೋಣಕ್ಕೊಂದು ಎಂಆರ್‌ಐ ಕೊಡಿ ಎಂದು ಅರ್ಜಿ ಬರೆಯುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಅದಕ್ಕಿಂತ ಮೊದಲು ಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಜಪಾನಿನ ತಕುವೊ ಅವೊಯಾಗಿ 1970ರ ದಶಕದಲ್ಲಿ ರೂಪಿಸಿದ ಪಲ್ಸ್ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಅದು ಮನೆಮನೆಗೂ ಬಂದಿತ್ತು, ಆದರೆ ಕೂಸಿಗೆ ಬೆರಳಿನ ಕ್ಲಿಪ್ಪು ನಡೆಯುವುದಿಲ್ಲ, ಕೂಸಿನ ಅಳತೆಯ ಪಟ್ಟಿಯೇ ಬೇಕು. ಹುಟ್ಟಿ ಒಂದು ದಿನವಾದ ಮೇಲೆ ಕೂಸಿನ ಬಲಗೈಗೂ ಒಂದು ಪಾದಕ್ಕೂ ಹಚ್ಚಿ ನೋಡಬೇಕು. ರಕ್ತದ ಆಮ್ಲಜನಕ ಶೇಕಡಾ 95 ಅಥವಾ ಮೇಲಿದ್ದು, ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರವಿಲ್ಲದಿದ್ದರೆ ಸರಿ. 90ಕ್ಕಿಂತ ಕೆಳಗಿದ್ದರೆ ತಡಮಾಡದೆ ಎಕೋ ಇರುವ ಕಡೆ ಹೊರಡಬೇಕು. ಅಮೆರಿಕ 2011ರಲ್ಲಿ ಇದನ್ನು ಎಲ್ಲ ಕೂಸುಗಳಿಗೂ ಶಿಫಾರಸು ಮಾಡಿತು. ಹೆರಿಗೆ ನಡೆಯುವ ನಮ್ಮ ಪ್ರತಿ ಆಸ್ಪತ್ರೆಯಲ್ಲೂ ಇದು ಮಾಡದಿದ್ದರೆ ಆಗದ ಕೆಲಸವಾಗಬೇಕು. ಎಲ್ಲ ದೋಷವೂ ಇದರಲ್ಲಿ ಸಿಕ್ಕುವುದಿಲ್ಲ ಎಂಬುದನ್ನೂ ಹೇಳಬೇಕು.

ಸಿಕ್ಕದೆ ಉಳಿದದ್ದನ್ನು ಮೊದಲು ಕಾಣುವುದು ಮನೆಯ ಹೆಂಗಸರೇ. ‘ಕೂಸು ಮೊಲಿ ಹಿಡದು ನಡುನಡುವ ಬಿಡತೈತಿ ತಂಗಿ, ಹಣಿ ಬೆವರತೈತಿ’ ಎಂದು ಅಜ್ಜಿಯೊಬ್ಬಳು ಆಶಾ ಕಾರ್ಯಕರ್ತೆಗೆ ಹೇಳಿದರೆ ಆ ಮಾತನ್ನು ದೃಷ್ಟಿಯೆಂದು, ಸೆಕೆಯೆಂದು ತಳ್ಳಿಹಾಕಬೇಡಿ. ಹಾಲು ಕುಡಿಯುವಾಗ ಏದುಸಿರು, ಹಣೆಯಲ್ಲಿ ಬೆವರು, ತುಟಿ ನಾಲಿಗೆ ನೀಲಿ, ತಣ್ಣಗಾದ ಪಾದ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಕೂಸನ್ನು ಎದೆಗೆ ಅವುಚಿಕೊಂಡು 108ಕ್ಕೆ ಫೋನ್ ಮಾಡಿ.